ಎರಡಕ್ಷರದ ತಿದ್ದುಪಡಿ

ಸಾಬಣ್ಣನವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ವಿನಯಕ್ಕೆ ಹೇಳುತ್ತಿರುವ ಮಾತಲ್ಲ ಇದು, ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ. ಆದರೆ ಬೇರೆ ಯಾರೂ ಅವರ ಬಗ್ಗೆ ಬರೆಯುವುದಿಲ್ಲ. ಹಾಗಾಗಿ ನಾನೇ ಕೂತಿದ್ದೇನೆ.

ನನ್ನ ಹೆಸರು ನಂದಾ. ವಿಜಯಪುರದ ಜೋರಾಪುರ ಪೇಟೆಯವಳು. ಅಪ್ಪನದು ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಹಗ್ಗ, ಗೋಣಿಚೀಲದ ಅಂಗಡಿ. ಈಕೆಗೆ ಬಾಯಿ ಜಾಸ್ತಿ ಎಂದು ಮನೆಯಲ್ಲಿ ಸಣ್ಣವಳಿದ್ದಾಗಿನಿಂದ ಬೈಯುತ್ತಾರೆ. ಬಾಯಿ ಜಾಸ್ತಿ ಇರುವುದು ನಿಜ. ಬೇಕಾದ ದಿನ ಅದು ತೆರೆಯಲಿಲ್ಲ ಎನ್ನುವುದೂ ಅಷ್ಟೇ ನಿಜ.

ಗೋಳಗುಮ್ಮಟದ ಹತ್ತಿರ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಒಂದು ಗುತ್ತಿಗೆ ಕಂಪನಿಯದು. ತಿಕೋಟಾ ಮತ್ತು ಬಬಲೇಶ್ವರ ತಾಲೂಕಿನ ವಿದ್ಯಾರ್ಥಿಗಳ ದಾಖಲೆ ತಿದ್ದುವುದು ನಮ್ಮ ಕೆಲಸ. ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಜಾತಿ, ಊರು. ಕಾಲೇಜಿನ ಸೀಟಾಗಲಿ ಹಾಸ್ಟೆಲಾಗಲಿ, ಈ ದಾಖಲೆ ನೋಡಿಯೇ ಹಂಚುತ್ತಾರೆ. ಎರಡೂ ಊರುಗಳು ಹೊಸ ತಾಲೂಕಾದಾಗ ಹಳೆಯ ದಾಖಲೆಗಳನ್ನು ಗೋಣಿಚೀಲ ಸುರಿದಂತೆ ಅಲ್ಲಿಂದ ಇಲ್ಲಿಗೆ ಸುರಿದರು. ಆಗ ಎದ್ದ ಧೂಳು ಇನ್ನೂ ಕೂತಿಲ್ಲ.

ಐದು ಜನರ ತಂಡದಲ್ಲಿ ಸಾಬಣ್ಣನವರೇ ಹಿರಿಯರು. ಐವತ್ನಾಲ್ಕು ವರ್ಷ. ತಿಕೋಟಾ ಕಡೆಯ ಒಂದು ಹಳ್ಳಿಯ ದಲಿತ ಕೇರಿಯವರು. ಅಪ್ಪ ಕಂಡವರ ದ್ರಾಕ್ಷಿ ತೋಟದಲ್ಲಿ ದುಡಿದು ಮಗನನ್ನು ಪಿಯುಸಿಯವರೆಗೆ ಓದಿಸಿದ. ಮಗ ಗಾಂಧಿ ಚೌಕದ ಒಂದು ಟೈಪಿಂಗ್ ಕ್ಲಾಸಿಗೆ ಸೇರಿ ಬೆರಳು ಪಳಗಿಸಿಕೊಂಡ. ಹನ್ನೊಂದು ವರ್ಷ ಕೋರ್ಟಿನ ಎದುರಿನ ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಜನರ ಅರ್ಜಿ, ಅಫಿಡವಿಟ್ಟು ಟೈಪ್ ಮಾಡಿದರು. ಆಮೇಲೆ ಕಂಪ್ಯೂಟರ್ ಬಂತು, ಅದನ್ನೂ ಕಲಿತರು. ರೇಷನ್ ಕಾರ್ಡು, ಬೆಳೆ ಸಮೀಕ್ಷೆ, ಶಾಲೆಯ ಹಾಜರಿ, ಏನೆಲ್ಲ ತುಂಬಿದರು. ಕಂಪನಿಗಳು ಬಂದವು, ಹೋದವು. ಇವರು ಮಾತ್ರ ಒಂದು ದಿನಕ್ಕೂ ಕಾಯಂ ಆಗಲಿಲ್ಲ.

ನನಗಿಂತ ಹದಿನೆಂಟು ವರ್ಷ ದೊಡ್ಡವರು ನನ್ನನ್ನು 'ಅಕ್ಕಾರ' ಎನ್ನುತ್ತಿದ್ದರು. ತಂಗಿ ಅನ್ರಿ ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಬೇಡಿ, ನಿಮ್ಮ ಮನೆಯಲ್ಲೂ ಅದೇ ನಡೆಯುತ್ತಿರುತ್ತದೆ.

ಅವರ ಕೆಲಸದ ರೀತಿಯೇ ಬೇರೆ. ದಾಖಲೆಯಲ್ಲಿ ಏನಾದರೂ ತಾಳೆಯಾಗದಿದ್ದರೆ ಆ ಮನೆಗೇ ಹೋಗುತ್ತಿದ್ದರು. ಹೋಗಿ ಮೂರು ಪ್ರಶ್ನೆ ಕೇಳುತ್ತಿದ್ದರು. ಕರಿಯೂದು ಏನಂತ? ಸಾಲ್ಯಾಗ ಏನಂತ ಬರಸೀರಿ? ಆ ಹೆಸರ ಯಾರ ಇಟ್ರು, ಯಾಕ ಇಟ್ರು? ಮೂರನೆಯ ಪ್ರಶ್ನೆ ಕೇಳಿದಾಗ ಜನ ಮನೆಯೊಳಗಿಂದ ಮುದುಕಿಯನ್ನು ಕರೆಯುತ್ತಾರೆ, ಮುದುಕಿ ಬಂದಳೆಂದರೆ ಸುಳ್ಳು ನಿಲ್ಲುವುದಿಲ್ಲ ಎಂದು ಅವರ ಲೆಕ್ಕ.

ಒಮ್ಮೆ ಬಬಲೇಶ್ವರ ಕಡೆಯ ಸಾವಕ್ಕ ಎಂಬ ಹುಡುಗಿಯ ದಾಖಲೆ ಬಂತು. ನಮ್ಮವರೇ ಯಾರೋ ಬಲು ಜಾಣರು, ಹಳ್ಳಿಯವರು ಶಾಲೆಗೆ ಸಾಲಿ ಅನ್ನುತ್ತಾರಲ್ಲ, ಇದೂ ಹಾಗೇ ಇರಬೇಕೆಂದು 'ಶಾವಕ್ಕ' ಎಂದು ತಿದ್ದಿಟ್ಟಿದ್ದರು. ಸಾಬಣ್ಣನವರು ಉರಿಬಿಸಿಲಲ್ಲಿ ಬಸ್ಸು ಹತ್ತಿ ಹೋಗಿ, ಕೇಳಿಕೊಂಡು ಬಂದು, ಮತ್ತೆ ಸಾವಕ್ಕ ಮಾಡಿದರು.

"ಒಂದ ಅಕ್ಷರಕ್ಕ ಒಂದ ದಿನಾ ಹಾಳ ಮಾಡ್ಕೊಂಡ್ರೆಲ್ರಿ," ಎಂದೆ.

"ಅಕ್ಷರ ನಮ್ಮದಲ್ರಿ ಅಕ್ಕಾರ, ಆಕೀದು," ಎಂದರು.

ಅವರ ಹೆಸರಿನ ಕತೆಯನ್ನೂ ಅವರೇ ಹೇಳಿದ್ದರು, ಕೆಳಗೆ ಕಾಸಿಮಸಾಬನ ಚಹಾದಂಗಡಿಯಲ್ಲಿ. ತಾಯಿ ಲಕ್ಕವ್ವನಿಗೆ ಮೊದಲ ಮೂರು ಕೂಸು ಕೈಗೆ ಹತ್ತಲಿಲ್ಲ. ನಾಲ್ಕನೆಯದು ಹೊಟ್ಟೆಯಲ್ಲಿದ್ದಾಗ ಊರ ಹೊರಗಿನ ಸಾಬಪ್ಪಜ್ಜನ ದರ್ಗಾಕ್ಕೆ ಹೋಗಿ, "ಇದೊಂದ ಉಳಿಸಿಕೊಡಪಾ, ನಿನ್ನ ಹೆಸರ ಇಡ್ತೇನಿ" ಎಂದು ಹರಕೆ ಹೊತ್ತಳು. ಕೂಸು ಉಳಿಯಿತು, ಸಾಬಣ್ಣ ಆಯಿತು. ಇದೇನು ಹೊಸ ಸುದ್ದಿಯಲ್ಲ. ನಮ್ಮ ಸೀಮೆಯಲ್ಲಿ ಓಣಿಗೊಬ್ಬ ಹುಸೇನಪ್ಪ, ಓಣಿಗೊಬ್ಬ ಲಾಡ್ಲೆಪ್ಪ ಇದ್ದಾರೆ. ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮಾಡುವ ನಮ್ಮ ದೊಡ್ಡವ್ವನ ಹೆಸರೇ ಫಕೀರವ್ವ. ಸಾಬಣ್ಣನವರು ಮದುವೆಯಾದ ಮೇಲೆ ಬುದ್ಧನ ದಾರಿ ಹಿಡಿದರು, ಮಗಳಿಗೆ ವಿಶಾಖಾ ಎಂದು ಹೆಸರಿಟ್ಟರು. ನಿನ್ನ ಹೆಸರನ್ನೂ ಬದಲು ಮಾಡಿಕೋ ಎಂದು ಯಾರೋ ಹೇಳಿದರಂತೆ. "ದೇವರ ಬದಲ ಮಾಡಬಹುದ್ರಿ, ನಮ್ಮವ್ವನ ಹರಕಿ ಹೆಂಗ ಬದಲ ಮಾಡ್ಲಿ?" ಎಂದು ಇವರು ನಕ್ಕಿದ್ದರು. ಕಾಸಿಮಸಾಬ ಆ ದಿನ ಅವರಿಗೆ ಇನ್ನೊಂದು ಕಪ್ ಚಹಾ ಕೊಟ್ಟ.

ಕಳೆದ ಏಪ್ರಿಲಿನಲ್ಲಿ ಕಂಪನಿ ಹೊಸ ಸಾಫ್ಟ್‌ವೇರ್ ತಂದಿತು. ಅದರ ಜೊತೆಗೇ ಸಿದ್ದರಾಮ ಬಂದ, ನಮ್ಮ ಹೊಸ ಮೇಲ್ವಿಚಾರಕ. ಮೂವತ್ತೆರಡರ ಪ್ರಾಯ, ಇಸ್ತ್ರಿ ಮುರಿಯದ ಅಂಗಿ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಬಂದ ಮೊದಲ ದಿನವೇ ಗೋಡೆಗೆ ಬಿಳಿ ಬೋರ್ಡು ತೂಗುಹಾಕಿ ಬರೆದ: ಒಟ್ಟು ದಾಖಲೆ ಒಂದು ಲಕ್ಷ ಎರಡು ಸಾವಿರ. ತಪ್ಪು ಶೇಕಡಾ ಹನ್ನೊಂದು. ಗುರಿ ಶೇಕಡಾ ಅರ್ಧಕ್ಕಿಂತ ಕಡಿಮೆ. ದಿನ ತೊಂಬತ್ತು. ತಲೆಗೆ ದಿನಕ್ಕೆ ಮೂವತ್ತು.

"ಅಳಿಯಾಕ ಬರಂಗಿಲ್ಲಂದ್ರ ಅದು ಗುರೀನ ಅಲ್ಲ," ಎಂದ. "ಗುರಿ ಮುಟ್ಟಿದ್ರ ನಿಮ್ಮ ಐದೂ ಮಂದಿ ಗುತ್ತಿಗಿ ಮುಂದ ಹೋಗತೈತಿ. ಮುಟ್ಟಲಿಲ್ಲಂದ್ರ ಯಾರದೂ ಇಲ್ಲ, ನಂದೂ ಇಲ್ಲ."

ಸಾಬಣ್ಣನವರು ಕೈ ಎತ್ತಿದರು. "ಸರ, ತಪ್ಪು ಅಂತ ಯಾರ ಹೇಳೂದ್ರಿ?"

"ಕಂಪ್ಯೂಟರ್ ಹೇಳತೈತಿ. ಕೆಂಪು ಬಂದ್ರ ತಪ್ಪು, ಹಸಿರು ಬಂದ್ರ ಸರಿ."

"ಅದಕ್ಕ ಯಾರ ಹೇಳ್ಯಾರ್ರಿ?"

ಯಾರೋ ನಕ್ಕರು. ನಾನೇ ಇರಬೇಕು.

ಆ ಯಂತ್ರದ ಬುದ್ಧಿ ಎಷ್ಟೆಂದು ಒಂದು ವಾರದಲ್ಲಿ ತಿಳಿಯಿತು. ದಾಖಲೆಯ ಎರಡು ಮಾತು ಒಂದಕ್ಕೊಂದು ಹೊಂದಬೇಕು, ಹೊಂದದಿದ್ದರೆ ಕೆಂಪು. ತಂದೆಯ ಹೆಸರಿನಲ್ಲಿ ಸಾಬ, ಪೀರ, ಹುಸೇನ, ಫಕೀರ ಇದ್ದು, ಪಕ್ಕದ ಕಾಲಮ್ಮಿನಲ್ಲಿ ಪರಿಶಿಷ್ಟ ಜಾತಿ ಎಂದಿದ್ದರೆ, ಇದು ಮುಸಲ್ಮಾನರ ಹೆಸರೆಂದುಕೊಂಡು ಅದಕ್ಕೆ ಹೊಂದುವುದಿಲ್ಲ. ಎಲ್ಲಿಯೋ ಕೂತು ಇದನ್ನು ಬರೆದವರು ವಿಜಯಪುರವನ್ನು ನಕಾಶೆಯಲ್ಲೂ ನೋಡಿರಲಿಕ್ಕಿಲ್ಲ. ಕೆಂಪು ಬಂದಾಗ ಕೆಳಗೆ ಎರಡು ಗುಂಡಿ. ಒಂದು 'ಪರಿಶೀಲಿಸಿ'. ಅದನ್ನು ಒತ್ತಿದರೆ ಮನೆಗೆ ಹೋಗಿ, ವಿಚಾರಿಸಿ, ಕಾಗದ ತಂದು ಹಾಕಬೇಕು. ಇನ್ನೊಂದು 'ತಿದ್ದು'. ಅದನ್ನು ಒತ್ತಿದರೆ ಯಂತ್ರವೇ ಜಾತಿಯ ಜಾಗದಲ್ಲಿ 'ಸಾಮಾನ್ಯ' ಎಂದು ತುಂಬಿಕೊಂಡು ಹಸಿರಾಗುತ್ತದೆ. ಇಪ್ಪತ್ತು ಸೆಕೆಂಡಿನ ಕೆಲಸ.

ಅದಕ್ಕಿಂತ ಮಜಾ ಕೇಳಿ. ಮನೆಗೆ ಹೋಗಿ, ಇದ್ದದ್ದೇ ಸರಿ ಎಂದು ಖಚಿತ ಮಾಡಿಕೊಂಡು ಬಂದರೆ ಅದು ಹಸಿರಾಗುತ್ತಿರಲಿಲ್ಲ. ಹಳದಿಯಾಗುತ್ತಿತ್ತು. ತಿಂಗಳ ವರದಿಯಲ್ಲಿ ಹಳದಿಯೂ ತಪ್ಪುಗಳ ಜೊತೆಯೇ ಎಣಿಕೆ. ಅಂದರೆ ಸರಿಯಾದದ್ದನ್ನು ಸರಿ ಎಂದು ಬಿಟ್ಟರೆ ತಪ್ಪು, ಕೆಡಿಸಿದರೆ ಸರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು ನಮ್ಮ ಸಂಸಾರ.

ಸಾಬಣ್ಣನವರು ಸಿದ್ದರಾಮನ ಮುಂದೆ ಹೋಗಿ ನಿಂತರು. ಜಗಳವಾಡುವ ಜಾತಿಯ ಮನುಷ್ಯ ಅವರಲ್ಲ. "ಸರ, ಅಳೀಬ್ಯಾಡ್ರಿ ಅನ್ನಂಗಿಲ್ಲ ನಾ. ಅಳತೀನ ಬ್ಯಾರೆ ಮಾಡೂಣು. ವಾರಕ್ಕೊಮ್ಮೆ ನಾವು ಮುಗಿಸಿದ್ದರಾಗ ಇಪ್ಪತ್ತ ಚೀಟಿ ಎತ್ತೂಣು. ಆ ಇಪ್ಪತ್ತ ಮನಿಗೆ ಹೋಗಿ ನೋಡೂಣು. ಎಷ್ಟು ಖರೇ ಐತಿ, ಅದನ್ನ ಬೋರ್ಡಿನ ಮ್ಯಾಲ ಬರೀರಿ. ಇಪ್ಪತ್ತರಾಗ ಇಪ್ಪತ್ತು ಬರೂತನಕ ದುಡೀತೇವಿ."

"ಮ್ಯಾಲಿನವ್ರು ಈ ಅಳತಿ ಕೇಳಂಗಿಲ್ಲ ಸಾಬಣ್ಣ," ಎಂದ ಸಿದ್ದರಾಮ. "ಅವ್ರು ಬಣ್ಣಾ ಕೇಳತಾರ."

ಸಾಬಣ್ಣನವರು ಅಷ್ಟಕ್ಕೇ ಬಿಡಲಿಲ್ಲ. ಕಾಸಿಮಸಾಬನ ಚಹಾದ ಗ್ಲಾಸಿನಲ್ಲಿ ಚೀಟಿ ಹಾಕಿ, ನಾವು ನಾಲ್ವರು ಮುಗಿಸಿದ್ದರಲ್ಲಿ ಇಪ್ಪತ್ತು ಎತ್ತಿ, ಎರಡು ಭಾನುವಾರ ತಿಕೋಟಾ, ಬಬಲೇಶ್ವರ ಸುತ್ತಿದರು. ಸೋಮವಾರ ಬೋರ್ಡಿನ ಮೂಲೆಯಲ್ಲಿ ಸಣ್ಣದಾಗಿ ಬರೆದರು: ಇಪ್ಪತ್ತರಲ್ಲಿ ಹದಿಮೂರು. ಏಳು ಮನೆಯ ದಾಖಲೆಯನ್ನು ನಾವು ಕೆಡಿಸಿದ್ದೆವು. ನನಗೆ ಮೈ ಉರಿಯಿತು. ತಪ್ಪಾಯಿತಲ್ಲ ಎಂದು ಉರಿಯಲಿಲ್ಲ, ಎಲ್ಲರೆದುರು ಬರೆದರಲ್ಲ ಎಂದು ಉರಿಯಿತು. ಮಧ್ಯಾಹ್ನ ನೋಡಿದರೆ ಆ ಮೂಲೆಯನ್ನು ಯಾರೋ ಒರೆಸಿದ್ದರು.

ಮೇ ತಿಂಗಳಲ್ಲಿ ಒಂದು ದಿನ ಅವರು ನನ್ನ ಕುರ್ಚಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಅಕ್ಕಾರ, ನಮ್ಮ ವಿಶಾಖಾಂದೂ ಕೆಂಪ ಬಂದೈತ್ರಿ."

ವಿಶಾಖಾಳನ್ನು ನಾನು ಬಲ್ಲೆ. ಪರೀಕ್ಷೆ ಮುಗಿದ ಮೇಲೆ ಅಪ್ಪನ ಊಟದ ಡಬ್ಬಿ ಹಿಡಿದುಕೊಂಡು ಒಂದೆರಡು ಸಲ ಕಚೇರಿಗೆ ಬಂದಿದ್ದಳು. ಪಿಯುಸಿಯಲ್ಲಿ ಶೇಕಡಾ ಎಂಬತ್ತಾರು. ನರ್ಸಿಂಗ್ ಸೀಟಿಗೆ ಅರ್ಜಿ ಹಾಕಿದ್ದಳು. ಅಜ್ಜಿಯ ಕಾಲಿನ ಹುಣ್ಣು ತೊಳೆದು ಪಟ್ಟಿ ಕಟ್ಟುವುದು ಅವಳೇ. ಜುಲೈ ಮೊದಲ ವಾರ ಸೀಟಿನ ಪಟ್ಟಿ ಬರುವುದಿತ್ತು. ದಾಖಲೆಯಲ್ಲಿ ಪರಿಶಿಷ್ಟ ಜಾತಿ ಎಂದಿದ್ದರೆ ಸೀಟು ಕಣ್ಣು ಮುಚ್ಚಿಕೊಂಡು ಸಿಗುತ್ತಿತ್ತು. ಇಲ್ಲದಿದ್ದರೆ ಇಲ್ಲ.

"ಹಂಗಾದ್ರ ಮೊದಲ ಅದನ್ನ ಮುಗಸ್ರಿ," ಎಂದೆ.

"ನಮ್ಮ ಮನೀದು ನಾವ ಮುಟ್ಟಬಾರದಂತ ನಿಯಮ ಐತೆಲ್ರಿ. ಮತ್ತ, ನನ್ನ ಮಗಳದಂತ ಮುಂದ ತಗೊಂಡ್ರ ಹಿಂದಿನವ್ರು ಯಾರ ಮಕ್ಕಳ್ರಿ? ಪಾಳಿ ಬರಲಿ. ಜೂನ್ ಕೊನೀ ಶನಿವಾರದ ಹೊತ್ತಿಗೆ ಬರತೈತಿ. ಆವತ್ತ ನೀವ ನಮ್ಮ ಮನಿಗೆ ಬರ್ರಿ. ನಮ್ಮವ್ವನ್ನ ಮೂರೂ ಪ್ರಶ್ನೆ ಕೇಳ್ರಿ. ಹಳದಿ ಆದ್ರೂ ಅಡ್ಡಿಯಿಲ್ಲ, ಸೀಟ ಕೊಡವ್ರು ಹಳದೀನ ತಗೋತಾರ."

"ಬರ್ತೇನ್ರಿ," ಎಂದೆ. ಈ ಮಾತನ್ನು ನಾನು ಕೊಟ್ಟೆ. ಯಾರೂ ನನ್ನ ಬಾಯಿಂದ ಕಿತ್ತುಕೊಳ್ಳಲಿಲ್ಲ.

ಜೂನ್ ಬಂತು. ಬೋರ್ಡಿನ ಅಂಕಿ ಇಳಿಯುತ್ತಾ ಬಂತು. ನಾವು ನಾಲ್ವರು ದಿನಕ್ಕೆ ಮೂವತ್ತಲ್ಲ, ನಲವತ್ತು ಒತ್ತುತ್ತಿದ್ದೆವು. ಸಾಬಣ್ಣನವರದು ಏಳು, ಎಂಟು. ಅವರ ಹೆಸರಿನ ಮುಂದಿನ ಅಂಕಿಯನ್ನು ನೋಡಿದಾಗಲೆಲ್ಲ ನಮಗೆ ಸಿಟ್ಟು. ಇವರೊಬ್ಬರ ಸತ್ಯಸಂಧತೆಗೆ ನಾಲ್ಕು ಮನೆಯ ಒಲೆ ಆರಬೇಕೇ ಎಂದು ನಾನೇ ಊಟದ ಹೊತ್ತಿನಲ್ಲಿ ಹೇಳಿದ್ದೇನೆ. ಅವರಿಗೆ ಕೇಳುವಂತೆಯೇ ಹೇಳಿದ್ದೇನೆ. ಅವರು ಡಬ್ಬಿ ತೊಳೆಯಲು ಎದ್ದು ಹೋದರು.

ಗುರಿಯ ಕೊನೆಯ ದಿನ ಶುಕ್ರವಾರ. ಬೆಳಿಗ್ಗೆ ಬೋರ್ಡಿನಲ್ಲಿ ಉಳಿದದ್ದು ಐನೂರ ಹದಿನೆಂಟು. ಎಲ್ಲವೂ ಸಾಬಣ್ಣನವರ ಪಾಲಿನವು. ಮುನ್ನೂರ ಆರು ಹಳದಿ, ಅಂದರೆ ಅವರು ಮನೆಮನೆಗೆ ಹೋಗಿ ಖಚಿತ ಮಾಡಿಕೊಂಡು ಬಂದವು. ಇನ್ನೂರ ಹನ್ನೆರಡು ಕೆಂಪು, ಅಂದರೆ ಇನ್ನೂ ಪಾಳಿ ಬರದವು. ಅವರು ಅವತ್ತೂ ಬಬಲೇಶ್ವರ ಕಡೆಗೆ ಹೋಗಿದ್ದರು. ಸಿದ್ದರಾಮ ಆ ಐನೂರ ಹದಿನೆಂಟನ್ನೂ ನನ್ನ ಪರದೆಗೆ ಹಾಕಿದ.

"ನಂದಾ ಮೇಡಂ, ನಿಮ್ಮ ಕೈ ಚುರುಕ ಐತಿ. ಸಂಜಿಯೊಳಗ ಎಲ್ಲಾ ಹಸಿರ ಮಾಡ್ರಿ."

"ಇವ್ರು ಪರಿಶೀಲನೆ ಮಾಡಿದ್ದೂ ಅದಾವಲ್ರಿ ಇದರಾಗ?"

"ಹಳದಿ ಅಂದ್ರ ತಪ್ಪು. ನಿಯಮ ನಾ ಮಾಡಿಲ್ಲ."

ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ, ನೀವೂ ಮಾಡಿ ನೋಡಿ. ಒಂದು ಲಕ್ಷ ಎರಡು ಸಾವಿರದ ಶೇಕಡಾ ಅರ್ಧ ಎಂದರೆ ಐನೂರ ಹತ್ತು. ಅದಕ್ಕಿಂತ ಒಂದು ಕಡಿಮೆಯಾದರೆ ಗುರಿ ಮುಟ್ಟಿದಂತೆ. ಐನೂರ ಹದಿನೆಂಟರಲ್ಲಿ ಒಂಬತ್ತನ್ನು ತಿದ್ದಿದ್ದರೆ ಸಾಕಿತ್ತು. ಬರೀ ಒಂಬತ್ತು. ಅಷ್ಟು ಲೆಕ್ಕ ನನಗೆ ಬರುತ್ತದೆ, ಅಂಗಡಿಯವರ ಮಗಳು ನಾನು. ಆದರೆ ಸಿದ್ದರಾಮನಿಗೆ ನೂರಕ್ಕೆ ನೂರು ಬೇಕಿತ್ತು, ನನಗೆ ಅವನ ಬಾಯಲ್ಲಿ ಭೇಷ್ ಎನ್ನಿಸಿಕೊಳ್ಳಬೇಕಿತ್ತು.

ಈ ಹೊಸ ಯಂತ್ರದ ಪರದೆಯ ಮೇಲೆ ವಿದ್ಯಾರ್ಥಿಯ ಹೆಸರು ಕಾಣುವುದಿಲ್ಲ, ಗುಟ್ಟು ಕಾಯಬೇಕಂತೆ. ಒಂದು ನಂಬರು, ತಂದೆಯ ಹೆಸರು, ಜಾತಿ, ಅಷ್ಟೇ. ಹತ್ತು ಗಂಟೆಗೆ ಕೂತು ಒತ್ತತೊಡಗಿದೆ. ಹುಸೇನಪ್ಪ, ಒತ್ತಿದೆ. ಪೀರಪ್ಪ, ಒತ್ತಿದೆ. ಸಾಬಣ್ಣ ಎಂಬ ಹೆಸರು ಬಂತು. ಕೈ ನಿಂತಿತು. ಇದು ಅವರದಿರಲಿಕ್ಕಿಲ್ಲ, ಅವರದನ್ನು ಹೇಗೋ ಮುಗಿಸಿಕೊಂಡಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಮುಗಿದಿಲ್ಲ ಎಂದು ಗೊತ್ತಿತ್ತು. ಶನಿವಾರ ಅವರ ಮನೆಗೆ ಹೋಗಬೇಕಾದವಳು ನಾನೇ, ನಾಳೆಯೇ ಆ ಶನಿವಾರ. ಆದರೂ ಒತ್ತಿದೆ. ಆ ಮಧ್ಯಾಹ್ನ ಸಾಬಣ್ಣ ಎಂಬ ಹೆಸರು ಒಂಬತ್ತು ಸಲ ಬಂತು, ಒಂಬತ್ತು ಸಲವೂ ಒತ್ತಿದೆ. ಎರಡನೆಯ ಸಲದಿಂದ ಕೈ ನಿಲ್ಲಲಿಲ್ಲ.

ನಾಲ್ಕೂವರೆಗೆ ಸಾಬಣ್ಣನವರು ಬಂದರು. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಕೈಯಲ್ಲಿ ಆ ದಿನ ತಂದ ಎಂಟು ಕಾಗದ. ಬೋರ್ಡಿನಲ್ಲಿ ಸಿದ್ದರಾಮ ದೊಡ್ಡದಾಗಿ ಬರೆದಿದ್ದ: ನಿಖರತೆ ಶೇಕಡಾ ನೂರು.

"ನೂರ ಹೆಂಗ ಬಂತ್ರಿ?" ಎಂದು ಕೇಳಿದರು. ತಮ್ಮ ಕುರ್ಚಿಯಲ್ಲಿ ಕೂತು ಪಟ್ಟಿ ತೆರೆದರು. ಖಾಲಿ. ಜೇಬಿನಿಂದ ಸಣ್ಣ ಚೀಟಿ ತೆಗೆದು ಒಂದು ನಂಬರು ಹಾಕಿದರು. ಪರದೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಕ್ಕಾರ, ನಾಳೆ ಬರೂದು ಬ್ಯಾಡ್ರಿ," ಎಂದರು. ಅಷ್ಟೇ.

ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ವಾರ ಕಂಪನಿಯ ದೊಡ್ಡವರು ಬಂದು ನಮಗೆ ಗಾಜಿನ ಫಲಕ ಕೊಟ್ಟರು, ಪೇಢೆ ಹಂಚಿದರು, ಫೋಟೋ ಹಿಡಿದರು. ಸಾಬಣ್ಣನವರ ಮೂರು ಪ್ರಶ್ನೆಗಳನ್ನು ಸಿದ್ದರಾಮ ವರದಿಯಲ್ಲಿ ಬರೆದಿದ್ದನಂತೆ, ಅದನ್ನು 'ಉತ್ತಮ ಪದ್ಧತಿ' ಎಂದು ಮೆಚ್ಚಿ ಒಂದು ನಮೂನೆಯಾಗಿ ಅಚ್ಚು ಹಾಕಿಸಿದರು. ಇನ್ನು ಮುಂದೆ ಪ್ರತಿ ಪರಿಶೀಲನೆಗೂ ಆ ನಮೂನೆ ತುಂಬಬೇಕು. ನಾಲ್ವರ ಗುತ್ತಿಗೆ ಮುಂದುವರಿಯಿತು. ಸಾಬಣ್ಣನವರದು ನಿಂತಿತು. ದಿನದ ಸರಾಸರಿ ಕಡಿಮೆ ಎಂದು ಕಾರಣ ಕೊಟ್ಟಿದ್ದರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕುವುದು ಗಾದೆಯಲ್ಲಿ ಮಾತ್ರ ಎಂದುಕೊಂಡಿದ್ದೆ.

ಜುಲೈ ಮೂರಕ್ಕೆ ಸೀಟಿನ ಮೊದಲ ಪಟ್ಟಿ ಬಂತು. ವಿಶಾಖಾ ಇರಲಿಲ್ಲ. ಎರಡು ದಿನ ಬಿಟ್ಟು ಅವಳೇ ಕಚೇರಿಗೆ ಬಂದಳು, ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಎಲ್ಲ ಎದೆಗೆ ಅವುಚಿಕೊಂಡು.

"ನಮ್ಮಪ್ಪ ಹೋಗಬ್ಯಾಡ ಅಂದಾರ್ರಿ. ನಾನ ಬಂದೇನಿ," ಎಂದಳು. "ಎರಡನೇ ಪಟ್ಟಿಗಿ ಎಂಟ ದಿನ ಐತಿ. ಮ್ಯಾಲಿನ ಕಚೇರ್ಯಾಗ ಕೇಳಿದ್ರ, ಅರ್ಜಿ ಕೊಡು, ತೊಂಬತ್ತ ದಿನದಾಗ ನೋಡ್ತೇವಿ ಅಂದ್ರು. ಅಲ್ಲಿತನಕ ಸೀಟ ಇರ್ತಾವೇನ್ರಿ?"

ಸಿದ್ದರಾಮ ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟ. "ನೋಡವಾ, ಒಮ್ಮೆ ಹಸಿರ ಆದದ್ದಕ್ಕ ಮತ್ತ ಪರಿಶೀಲನೆ ಗುಂಡಿ ಬರಂಗಿಲ್ಲ, ನಾ ಈಗ ಹಳೇದ ಹಾಕಿದ್ರೂ ಮಿಷನ್ ತಗೊಳ್ಳಂಗಿಲ್ಲ. ನಿಮ್ಮಪ್ಪನ ಹೆಸರು, ಜಾತಿ ಎರಡೂ ಕೂಡಬೇಕು. ಜಾತಿ ಬದಲಾಗಂಗಿಲ್ಲಂದ್ರ ಹೆಸರು ಬದಲಾಗಬೇಕು. ನೋಟರಿ ಹತ್ರ ಒಂದ ಅಫಿಡವಿಟ್ ಮಾಡಸ್ರಿ. ಸಾಬಣ್ಣ ಅಂತ ತಪ್ಪಾಗಿ ಬರದಾರ, ಖರೇ ಹೆಸರು ಶಾಮಣ್ಣ ಅಂತ. ಬರೇ ಎರಡ ಅಕ್ಷರ. ಆವಾಗ ಹಳೇ ಜಾತೀನೂ ತಿರಗಿ ಬರತೈತಿ, ಒಂದ ದಿನದಾಗ ಹಸಿರ ಆಗತೈತಿ."

ಹುಡುಗಿ ಅವನ ಮುಖವನ್ನೇ ನೋಡಿದಳು. ನನ್ನ ಮುಖವನ್ನೂ ನೋಡಿದಳು. ನಾನು ಕೀಬೋರ್ಡಿನ ಧೂಳು ಒರೆಸುತ್ತಿದ್ದೆ.

ಮುಂದಿನದನ್ನು ನನಗೆ ಹೇಳಿದವನು ಕಾಸಿಮಸಾಬ, ಅವತ್ತು ಅವನೇ ಸಾಬಣ್ಣನವರ ಜೊತೆಗೆ ಹೋಗಿದ್ದ. ಕೋರ್ಟಿನ ಎದುರು ಅದೇ ಬೇವಿನ ಮರ, ಈಗ ಅಲ್ಲಿ ಬೇರೆ ಯಾರೋ ಕೂರುತ್ತಾರೆ. ಟೈಪ್ ಮಾಡುವವನು ಊಟಕ್ಕೆ ಹೋಗಿದ್ದ. ಸಾಬಣ್ಣನವರು ಸ್ವಲ್ಪ ಹೊತ್ತು ಕಾದು, ಆಮೇಲೆ ತಾವೇ ಆ ಸ್ಟೂಲಿನ ಮೇಲೆ ಕೂತರು. 'ನನ್ನ ನಿಜವಾದ ಹೆಸರು ಶಾಮಣ್ಣ ಇದ್ದು, ಕಣ್ತಪ್ಪಿನಿಂದ ಸಾಬಣ್ಣ ಎಂದು ದಾಖಲಾಗಿರುತ್ತದೆ ಎಂದು ಪ್ರಮಾಣ ಮಾಡಿ ಹೇಳುತ್ತೇನೆ.' ಪೂರಾ ಪುಟವನ್ನು ಒಂದೇ ಓಟಕ್ಕೆ ಟೈಪ್ ಮಾಡಿದರಂತೆ.

"ಒಂದ ತಪ್ಪ ಇರಲಿಲ್ಲ ನಂದಾಬಾಯಿ," ಎಂದ ಕಾಸಿಮಸಾಬ. ಚಹಾ ಸೋಸುತ್ತಿದ್ದವನು ನನ್ನನ್ನು ನೋಡಲಿಲ್ಲ. "ಸಹಿ ಮಾಡೂ ಮುಂದ ನನ್ನ ಕಡೆ ತಿರಗಿ, ನೀ ಏನೂ ತಿಳ್ಕೋಬ್ಯಾಡ ಕಾಸಿಮ ಅಂದ. ನಾ ಏನ ತಿಳ್ಕೊಳ್ಳಿ?"

ಅಫಿಡವಿಟ್ಟು ನಮ್ಮ ಕಚೇರಿಗೆ ಬಂತು. ಹೊಸ ನಿಯಮದ ಪ್ರಕಾರ ಹೆಸರಿನ ತಿದ್ದುಪಡಿಗೆ ಮನೆಗೆ ಹೋಗಿ ಪರಿಶೀಲಿಸಬೇಕು, ಅಚ್ಚಾದ ನಮೂನೆ ತುಂಬಬೇಕು. ಎರಡನೆಯ ಪಟ್ಟಿಗೆ ಮೂರು ದಿನ ಉಳಿದಿತ್ತು. ಪಾಳಿ ನನಗೇ ಬಂತು. ನಾನೇ ಕೇಳಿ ತೆಗೆದುಕೊಂಡೆ ಎಂದು ಬರೆಯಲು ಮನಸ್ಸಾಗುತ್ತದೆ, ಆದರೆ ಅದು ಸುಳ್ಳು. ಸಿದ್ದರಾಮ ಕಳಿಸಿದ.

ತಿಕೋಟಾಕ್ಕೆ ಬಸ್ಸು, ಅಲ್ಲಿಂದ ಟಂಟಂ ರಿಕ್ಷಾ. ಕೇರಿಯ ಕೊನೆಯಲ್ಲಿ ಎರಡು ಕೋಣೆಯ ಮನೆ, ಗೋಡೆಗೆ ನೀಲಿ ಬಣ್ಣ. ಸಾಬಣ್ಣನವರು ಹೊರಗೆ ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿದರು. ವಿಶಾಖಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಒಳಗೆ ಕತ್ತಲಲ್ಲಿ ಹೊರಸಿನ ಮೇಲೆ ಲಕ್ಕವ್ವ, ಕಾಲಿಗೆ ಬಿಳಿ ಪಟ್ಟಿ.

"ಸಾಬಣ್ಣಾವ್ರ, ನನ್ನಿಂದ..." ಎಂದು ಶುರು ಮಾಡಿದೆ.

"ನಮೂನೆ ತುಂಬರಿ ಅಕ್ಕಾರ," ಎಂದರು. "ಹೊತ್ತಾಗತೈತಿ. ಐದರ ಬಸ್ಸ ತಪ್ಪಿದ್ರ ಮತ್ತ ಏಳಕ್ಕ."

ನಮೂನೆ ತೆಗೆದೆ. ಅವರದೇ ಮಾತುಗಳು, ಅಚ್ಚಾಗಿ, ಪುಸ್ತಕದ ಕನ್ನಡದಲ್ಲಿ. ಓದಲು ಆಗಲಿಲ್ಲ. ಅವರು ಕೇಳುತ್ತಿದ್ದ ಹಾಗೆಯೇ ಕೇಳಿದೆ.

"ಕರಿಯೂದು ಏನಂತ್ರಿ?"

ಅವರು ಒಮ್ಮೆ ಒಳಗಿನ ಕತ್ತಲ ಕಡೆ ನೋಡಿ ದನಿ ತಗ್ಗಿಸಿದರು. "ಶಾಮಣ್ಣ."

"ಸಾಲ್ಯಾಗ ಏನಂತ ಬರಸ್ಯಾರ?"

"ಶಾಮಣ್ಣ ಅಂತ. ಮಾಸ್ತರ್ರು ತಪ್ಪ ಬರದಾರ."

ಮೂರನೆಯದು ಉಳಿದಿತ್ತು. ಆ ಜಾಗ ಖಾಲಿ ಬಿಟ್ಟರೆ ಯಂತ್ರ ಮುಂದೆ ಹೋಗುವುದಿಲ್ಲ. ಆ ಪ್ರಶ್ನೆಯನ್ನು ಕೇಳುವಾಗ ಮೆಲ್ಲಗೆ ಕೇಳಬೇಕಿತ್ತು. ನನ್ನ ದನಿ ಯಾವಾಗಲೂ ದೊಡ್ಡದು.

"ಈ ಹೆಸರ ಯಾರ ಇಟ್ರು? ಯಾಕ ಇಟ್ರು?"

ಒಳಗೆ ಹೊರಸು ಕಿರುಗುಟ್ಟಿತು.

"ಯಾರ ಇಡ್ತಾರಬೇ, ನಾನ ಇಟ್ಟೇನಿ," ಎಂದಳು ಲಕ್ಕವ್ವ. ಮುದುಕಿಯ ದನಿ ಗಟ್ಟಿಯಾಗಿತ್ತು. "ಮೂರ ಮಣ್ಣಿಗೆ ಕೊಟ್ಟ ಮ್ಯಾಲ ಇದೊಂದ ಉಳೀತು. ಸಾಬಪ್ಪಜ್ಜ ಉಳಿಸಿಕೊಟ್ಟ. ಅವನ ಹೆಸರ ಇಡಲಿಲ್ಲಂದ್ರ ಉಣ್ಣೂ ಅನ್ನ ಮೈಗಿ ಹತ್ತತೈತೇನು? ಲೇ ಸಾಬ್ಯಾ, ಯಾರೋ ಬಂದಾರಲ್ಲೋ. ನಮ್ಮ ಮನ್ಯಾಗ ನೀರ ಕುಡೀತಾರೇನ ಕೇಳು."

ಅವರು ಕೇಳಲಿಲ್ಲ. ವಿಶಾಖಾ ಒಳಗೆ ಹೋಗಿ ಚರಿಗೆ ತಂದು ನನ್ನ ಮುಂದೆ ಇಟ್ಟಳು. ಎತ್ತಿ ಕುಡಿದೆ. ಎಂಟು ವರ್ಷ ಪಕ್ಕದಲ್ಲಿ ಕೂತು ದುಡಿದವರ ಮನೆಯ ನೀರನ್ನು ಅವತ್ತೇ ಮೊದಲು ಕುಡಿದದ್ದು.

"ಮೂರನೇದಕ್ಕ ಏನ ಬರೀಲಿ?" ಎಂದು ಕೇಳಿದೆ.

ಸಾಬಣ್ಣನವರು ಮಗಳ ಕಡೆ ನೋಡಿದರು. "ತಾಯಿ ತೀರಿಕೊಂಡಾಳ, ಗೊತ್ತಿಲ್ಲ ಅಂತ ಬರೀರಿ," ಎಂದರು, ತುಟಿ ಅಲ್ಲಾಡಿದ್ದಷ್ಟೇ ಕಂಡಿತು.

"ಸಾಬ್ಯಾ, ಏನಂತಾರೋ?" ಎಂದಳು ಮುದುಕಿ ಒಳಗಿನಿಂದ.

"ಏನಿಲ್ಲ ಯವ್ವಾ. ಹೆಸರ ಬರಕೊಳ್ಳಾಕತ್ತಾರ."

ನಾನು ಹಾಗೆಯೇ ಬರೆದೆ. ಫೋನಿನಲ್ಲಿ ನಮೂನೆಯ ಫೋಟೋ ತೆಗೆದು ಹಾಕಿದೆ. ಇಪ್ಪತ್ತು ಸೆಕೆಂಡು ಹಿಡಿಯಿತು, ಹಸಿರು ಬಂತು.